ಒತ್ತೆಗೆ ಕಟ್ಟಿದ ಎತ್ತು

ಮಾರ್ಗಶಿರದ ಚಳಿ ಪುಣೆಯ ಮೇಲೆ ಬಂದು ಕೂತಿತ್ತು. ಕಬ್ಬಿನ ಹಂಗಾಮು ಶುರುವಾಗಿ, ಹಡಪಸರದ ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳಿಂದ ಉದುರಿದ ಕಬ್ಬಿನ ತುಂಡುಗಳು ಬಿದ್ದಿರುತ್ತಿದ್ದವು. ಸೋಮವಾರದ ಬೆಳಗು. ಸಂಶೋಧನಾ ಸಂಸ್ಥೆಯ ತಳಮನೆಯಲ್ಲಿ ಕ್ಯಾನುಗಳಿಗೆ ಕುಡಿಸುವ ಕೆಲಸ ನಡೆದಿತ್ತು.

ಕುಡಿಸುವುದು ಎಂಬುದು ಡಾಕ್ಟರ್ ಇಂದೂ ಹುಯಿಲಗೋಳಳ ಮಾತು. ದೊಡ್ಡ ಡ್ರಮ್ಮಿನಿಂದ ದ್ರವ ನೈಟ್ರೋಜನ್ನನ್ನು ಸಣ್ಣ ಅಲ್ಯುಮಿನಿಯಂ ಕ್ಯಾನುಗಳ ಕೊರಳಿಗೆ ಹೊಯ್ಯುವುದು. ಹೊಯ್ದಾಗ ಬಿಳಿ ಹೊಗೆ ನೆಲಕ್ಕಿಳಿದು ಕಾಲು ಸುತ್ತುತ್ತದೆ. ಆ ತಣ್ಣನೆಯ ಹೊಟ್ಟೆಯೊಳಗೆ, ಬೆರಳಿನಷ್ಟು ಶೀಷೆಗಳಲ್ಲಿ, ಮನುಷ್ಯರ ಜೀವಕೋಶಗಳು ವರ್ಷಗಟ್ಟಲೆ ನಿದ್ದೆ ಮಾಡುತ್ತವೆ. ವಾರ ವಾರ ಕುಡಿಸದಿದ್ದರೆ ಕ್ಯಾನು ಒಣಗುತ್ತದೆ. ಒಣಗಿದರೆ ಒಳಗಿದ್ದವು ಸತ್ತ ಹಾಗೆಯೇ.

ಮೂರನೆಯ ಕ್ಯಾನಿಗೆ ಯಾರೂ ಕುಡಿಸಲಿಲ್ಲ. ಅದರೊಳಗೆ ಇರಬೇಕಾದ ಶೀಷೆಗಳು ಇಲ್ಲವೆಂದು ಹೋದ ವಾರವೇ ಗೊತ್ತಾಗಿತ್ತು.

ಆ ಕ್ಯಾನಿನ ಮುಂದೆ ಪತ್ತೇದಾರ ಮಾರ್ತಾಂಡ ಕುಕ್ಕರಗಾಲಲ್ಲಿ ಕೂತಿದ್ದ, ಸಂತೆಯಲ್ಲಿ ಹೋರಿಯ ಹಲ್ಲು ನೋಡುವವನ ಹಾಗೆ.

"ಅರ್ಧಾ ತಾಸಾತು," ಎಂದಳು ಇಂದೂ. ಕೈಯಲ್ಲಿದ್ದ ಕೈಗವಸನ್ನು ತೆಗೆಯುವಳು, ಮತ್ತೆ ಹಾಕಿಕೊಳ್ಳುವಳು. "ಅದರಾಗ ಏನ ಕಾಣ್ತದ್ರಿ ನಿಮಗ?"

"ನೀವು ಕೂಡ್ರಿ ಬಾಯಾರ. ನಿಂತರ ಅದು ಬ್ಯಾಗನ ಹೇಳಂಗಿಲ್ಲ."

ಅವಳು ಕೂಡಲಿಲ್ಲ. ಕೂಡುವ ಹಾಗೂ ಇರಲಿಲ್ಲ. ಅವಳ ಕೆಲಸದ ಸತ್ಯಾಸತ್ಯ ವಿಚಾರಿಸಲು ಶುಕ್ರವಾರ ಸಮಿತಿ ಸೇರುವುದಿತ್ತು.

ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ರೋಗಿಗಳನ್ನು ಬಿಟ್ಟು, ಪ್ರಯೋಗಾಲಯಕ್ಕೆ ಬಂದವಳು ಇಂದೂ. ಅವಳ ಆಯುಷ್ಯವೆಲ್ಲ ಒಂದೇ ಪ್ರಶ್ನೆಯ ಹಿಂದೆ ಹೋಗಿತ್ತು. ರಕ್ತದಲ್ಲಿರುವ ಕಾವಲು ಕಣಗಳು ಹೊರಗಿನಿಂದ ಬಂದ ರೋಗವನ್ನು ಹೊಡೆಯುತ್ತವೆ. ಮೈಯೊಳಗೇ ಹುಟ್ಟಿದ ಕ್ಯಾನ್ಸರನ್ನು ಮಾತ್ರ ಮನೆಮಗನೆಂದು ಸುಮ್ಮನೆ ಬಿಡುತ್ತವೆ. ಯಾಕೆ? ತೊಂಬತ್ನಾಲ್ಕರಲ್ಲಿ ಶರಣಮ್ಮ ಎಂಬ ಗಾರೆ ಕೆಲಸದ ಹೆಂಗಸಿನ ಕ್ಯಾನ್ಸರ್ ಗಂಟು ಮತ್ತು ರಕ್ತ ಅವಳ ಕೈಗೆ ಬಂದವು. ಗಾಜಿನ ತಟ್ಟೆಯಲ್ಲಿ ಶರಣಮ್ಮನ ಕಾವಲು ಕಣಗಳು ಶರಣಮ್ಮನ ಕ್ಯಾನ್ಸರನ್ನು ಹುಡುಕಿ ಹುಡುಕಿ ಕೊಂದವು. ಶರಣಮ್ಮ ಉಳಿಯಲಿಲ್ಲ. ಆ ಕಣಗಳು ಉಳಿದವು. ಇಂದೂಳ ಹೆಸರು ದೇಶ ದಾಟಿತು.

ಈ ವರ್ಷ ಹೊರದೇಶದ ಪ್ರಯೋಗಾಲಯವೊಂದು, ಅವಳೇ ಕಳಿಸಿದ ಕಣಗಳನ್ನು ಪರೀಕ್ಷಿಸಿ ಬರೆಯಿತು: ಇವು ಹೆಂಗಸಿನವಲ್ಲ, ಗಂಡಸಿನವು.

ಹಾಗಾದರೆ ಒಂದೋ ಇಂದೂ ಗಲೀಜು ಕೆಲಸ ಮಾಡಿದ್ದಾಳೆ, ಇಲ್ಲವೇ ಸುಳ್ಳು ಹೇಳಿದ್ದಾಳೆ. ಅಲ್ಲವೆನ್ನಲು ಉಳಿದದ್ದು ಒಂದೇ ಸಾಕ್ಷಿ: ಶರಣಮ್ಮನ ರಕ್ತದಿಂದ ಮೊದಲು ಬೆಳೆಸಿ, ಅಂದಿನಿಂದ ಯಾರೂ ಮುಟ್ಟದ ಶೀಷೆಗಳು. ಅವೇ ಈ ಕ್ಯಾನಿನಲ್ಲಿ ಇಲ್ಲ.

"ಮಂದಾರ," ಎಂದ ಮಾರ್ತಾಂಡ, "ಈ ಕುಂಕುಮಾ ಯಾರು ಹಚ್ಚಿದ್ದು?"

ಮಂದಾರ ಇಂದೂಳ ಹಳೆಯ ಶಿಷ್ಯ, ಈಗ ಪಕ್ಕದ ಕೋಣೆಯ ವಿಜ್ಞಾನಿ. ತಾಯಿ ಬೆಳಗಾವಿಯವಳಾದ್ದರಿಂದ ಕನ್ನಡ ಬರುತ್ತಿತ್ತು. ಹೊರದೇಶದ ಮಾತು ನಿಜವೇ ಎಂದು ಇಲ್ಲಿ ಮತ್ತೆ ಪರೀಕ್ಷೆ ಮಾಡಿ, ಹೌದು, ಗಂಡಸಿನವೇ, ಎಂದು ಸಮಿತಿಗೆ ಹೇಳಿದವನೂ ಅವನೇ.

"ಖಂಡೇನವಮಿಗೆ ಎಲ್ಲಾ ಯಂತ್ರಗಳಿಗೂ ಪೂಜೆ ಮಾಡ್ತೀವಿ. ಆಫೀಸಿನವರು ಹಚ್ಚಿರ್ತಾರೆ. ಅದನ್ನ ಒರೆಸಬಾರದು ಅಂತಾರೆ, ಮುಂದಿನ ವರ್ಷದ ತನಕ ಹಾಗೇ ಇರುತ್ತೆ."

"ಎಲ್ಲಾ ಕ್ಯಾನಿಗೂ ಅದ. ಇದಕ್ಕಿಲ್ಲ."

ಮಂದಾರ ಬಗ್ಗಿ ನೋಡಿದ. ಉಳಿದ ಕ್ಯಾನುಗಳ ಕೊರಳಲ್ಲಿ ಒಣಗಿದ ಕೆಂಪು ಬೊಟ್ಟು. ಇದರ ಕೊರಳು ಬೋಳು. ಹಿಡಿಕೆಯ ಬೆಸುಗೆಯ ಸಂದಿನಲ್ಲಿ ಮಾತ್ರ ಹಳದಿ ಪುಡಿ ಕೂತಿತ್ತು.

"ಅರಿಷಿಣ ಇರಬೇಕು."

"ಭಂಡಾರ," ಎಂದ ಮಾರ್ತಾಂಡ. "ಜೇಜುರಿ ದೇವರ ಪ್ರಸಾದದ ಅರಿಷಿಣ. ನಮ್ಮ ಮನಿದೇವರು ಅಂವನ, ನನ್ನ ಹೆಸರೂ ಅಂವಂದ. ಇಲ್ಲಿ ನೋಡು, ಹೊಟ್ಟಿಗೆ ಸುತ್ತ ಹಗ್ಗ ತಿಕ್ಕಿದ ಗುರ್ತು. ನಿಮ್ಮ ಕ್ಯಾನು ಇಲ್ಲೇ ಕೂತದ್ದು, ಅದಕ್ಯಾಕ ಹಗ್ಗ? ಹಳ್ಳ್ಯಾಗ ಆಕಳಿಗೆ ಸೂಜಿ ಹಾಕಾಕ ಬರ್ತಾರಲ್ಲ, ಅವರು ಹೋರಿ ಬೀಜಾ ಇಂಥಾ ಕ್ಯಾನಿನ್ಯಾಗ ಇಟ್ಕೊಂಡು, ಮೋಟರ್ ಸೈಕಲ್ಲಿಗೆ ಕಟ್ಕೊಂಡು ತಿರಗತಾರ. ಇದು ದನದ ದವಾಖಾನಿ ಕ್ಯಾನು. ನಿಮ್ಮದನ್ನ ಒಯ್ದು, ಇದನ್ನ ಇಟ್ಟು ಹೋಗ್ಯಾರ."

ಇಂದೂ ಈಗ ಕೂತಳು.

"ಬಾಯಾರ, ಒಂದು ಕೇಳ್ತೀನಿ. ನಿಮ್ಮನ್ನ ಹಾಳ ಮಾಡಬೇಕು ಅಂದಾಂವ ಏನ ಮಾಡ್ತಿದ್ದ?"

"ಬಿರಡಿ ತಗದು ಇಡ್ತಿದ್ದ. ಇಲ್ಲಾ ಶೀಷೆ ತಗದು ಮ್ಯಾಜಿನ ಮ್ಯಾಲ ಇಟ್ಟು ಚಹಾ ಕುಡದು ಬರ್ತಿದ್ದ. ಅಷ್ಟ ಸಾಕು."

"ಹೌದಿಲ್ಲೊ? ಇಂವಾ ಹಂಗ ಮಾಡಿಲ್ಲ. ಕ್ಯಾನು ಸಮೇತ ಹೊತ್ಕೊಂಡ ಹೋಗ್ಯಾನ. ಅಂದ್ರ ಒಯ್ದಾಂವಗ ಅವು ಬದುಕಿರಬೇಕು. ಎಲ್ಲೋ ಕೂತು ವಾರಾ ವಾರಾ ಕುಡಸ್ತಿರಬೇಕು."

ಮಂದಾರನ ಮುಖದಲ್ಲಿ ಹಿಡಿದಿಟ್ಟಿದ್ದ ಏನೋ ಒಂದು ಸಡಿಲವಾಯಿತು. "ಹಾಗಾದರೆ ನನ್ನ ಮೇಲಿನ ಸಂಶಯ ಹೋಯಿತಾ?"

"ಪೂರ್ತಿ ಹೋಗಿಲ್ಲ ತಮ್ಮಾ. ಒಂದೀಟು ದೂರ ಹೋಗಿ ನಿಂತದ."

"ನಾನು ಕಂಡದ್ದನ್ನ ಹೇಳಿದೆ ಮ್ಯಾಡಮ್," ಎಂದ ಮಂದಾರ ಇಂದೂಳ ಕಡೆ ತಿರುಗಿ. "ಒಂದೇ ಬಾಟಲಿಯ ದ್ರವ ಎರಡು ಜಾತಿಯ ಕಣಕ್ಕೆ ಬಳಸಿದರೆ ಒಂದು ಇನ್ನೊಂದನ್ನ ನುಂಗತ್ತೆ ಅಂತ ಕಲಿಸಿದವರು ನೀವೇ."

"ಕಲಿಸಿದ್ದು ನಾನ," ಎಂದಳು ಇಂದೂ. "ಮಾಡಿಲ್ಲ ಅನ್ನೂದೂ ನಾನ. ಯಾವುದನ್ನ ನಂಬತೀ ನೋಡು."

ಹೊಗೆ ನೆಲದ ಮೇಲೆ ಜರುಗುತ್ತಿತ್ತು.

"ಈ ದೊಡ್ಡ ಡ್ರಮ್ಮು ತರೋದ್ಯಾರು?" ಎಂದು ಮಾರ್ತಾಂಡ ಕೇಳಿದ.

"ಟೆಂಪೋದವರು, ಶನಿವಾರ. ಇಲ್ಲಿ ಇಳಿಸಿ ಹಾಗೇ ಬಾರಾಮತಿ ಕಡೆ ಹೋಗ್ತಾರೆ. ಅಲ್ಲಿ ದನದ..." ಎನ್ನುತ್ತಲೇ ಮಂದಾರ ಮಾತು ತಡೆದ. "ಹಮಾಲ ಒಬ್ಬ ಇದಾನೆ. ಡ್ರಮ್ಮನ್ನ ಇಲ್ಲಿವರೆಗೆ ತಳ್ಳಿಕೊಂಡು ಬರೋದು ಅವನೇ. ಕನ್ನಡದವನು. ಬಂದಾಗಲೆಲ್ಲ ಕೇಳ್ತಿದ್ದ, ಬಾಯಾರು ಇದಾರೇನು ಅಂತ."

"ನನಗ್ಯಾಕ ಹೇಳಲಿಲ್ಲ?"

"ಹಮಾಲಿ ದುಡ್ಡಿನ ತಕರಾರು ಇರಬೇಕು ಅಂದುಕೊಂಡೆ ಮ್ಯಾಡಮ್. ಧರ್ಮಣ್ಣ ಅಂತ ಹೆಸರು."

ಇಂದೂಳ ಕೈಯಿಂದ ಕೈಗವಸು ಜಾರಿತು. "ಶರಣಮ್ಮನ ಗಂಡ," ಎಂದಳು.

*

ಸದಾಶಿವ ಪೇಠೆಯ ಕೋಚಿಂಗ್ ಕ್ಲಾಸಿನ ಮೇಲಿನ ಒಂದು ಕೋಣೆ ಮಾರ್ತಾಂಡನ ಆಫೀಸು. ಮಧ್ಯಾಹ್ನ ಅಲ್ಲಿಂದ ಅವನು ಮನೋಹರರಿಗೆ ಫೋನು ಮಾಡಿದ. ಇಂದೂಳ ಗಂಡ ಮನೋಹರ, ಬೆತ್ತ ಊರಿಕೊಂಡು ಆ ಮೆಟ್ಟಿಲು ಹತ್ತಿ ಬಂದು, ಈ ಕೆಲಸವನ್ನು ಮಾರ್ತಾಂಡನಿಗೆ ಒಪ್ಪಿಸಿದವರು. ಕೆಲಸ ಒಪ್ಪಿಸಿದವರಿಗೆ ವರದಿ ಹೇಳುವುದು ರೂಢಿ.

"ಕ್ಯಾನು ಒಯ್ದಾಂವ ಧರ್ಮಣ್ಣ ಅಂತ ಕಾಣ್ತದ. ಟೆಂಪೋದವರು ಗುರ್ತು ಹೇಳ್ಯಾರ, ಬಾರಾಮತಿ ದಾರ್ಯಾಗ, ದನದ ಕೇಂದ್ರದ ಹಿಂದ, ತಗಡಿನ ಮನ್ಯಾಗ ಇದ್ದಾನಂತ್ರಿ. ಬಾಯಾರಿಗೆ ಇವತ್ತು ಡೈರೆಕ್ಟರ ಮುಂದ ಹಾಜರಾಗೋದದ. ನಾಳೆ ಮುಂಜಾನೆ ಕೂಡೇ ಹೊಕ್ಕೀವಿ."

ಆ ಕಡೆ ಮನೋಹರ ಸ್ವಲ್ಪ ತಡೆದು ಅಂದರು, "ಭಾಳ ಛಲೋ ಆತು. ಇನ್ನ ಮ್ಯಾಲ ಏನರೆ ಸಿಕ್ಕರ ಮೊದಲ ನನಗ ಹೇಳ್ರಿ. ಅಕಿಗೆ ಸುಮ್ನ ಆಸೆ ಹಚ್ಚಬ್ಯಾಡ್ರಿ. ನಿದ್ದಿ ಇಲ್ಲ ಅಕಿಗೆ."

ಕಾಳಜಿಯ ಮಾತು ಎಂದುಕೊಂಡು ಮಾರ್ತಾಂಡ ಫೋನು ಇಟ್ಟ.

*

ಮಂಗಳವಾರ ದಿವೇ ಘಾಟು ಹತ್ತುವಾಗ ಮಾರ್ತಾಂಡನ ಹಳೆಯ ಫಿಯಟ್ಟು ಎರಡು ಸಲ ನಿಂತಿತು. ಎರಡು ಸಲವೂ ಇಂದೂ ಕೆಳಗಿಳಿದು ರಸ್ತೆಯ ಅಂಚಿಗೆ ಅತ್ತಿಂದಿತ್ತ ತಿರುಗಾಡಿದಳು. ಜೇಜುರಿಯ ಗುಡ್ಡ ಎಡಕ್ಕೆ ಬಂದು ಹಿಂದೆ ಹೋಯಿತು. ಮುಂದೆ ಹಸಿರು ಕಬ್ಬು; ಕಡಿದ ಹೊಲಗಳಲ್ಲಿ ರವದಿಗೆ, ಒಣ ಸೋಗೆಗೆ, ಬೆಂಕಿ ಹಚ್ಚಿದ ವಾಸನೆ.

"ಆವಾಗ ಅಂವಾ ಭಾಳ ತೆಳ್ಳಗಿದ್ದ," ಎಂದಳು ಇಂದೂ ಇದ್ದಕ್ಕಿದ್ದಂತೆ. "ದವಾಖಾನಿ ಹೊರಗ ಕೂಸನ್ನ ಬಗಲಾಗಿಟ್ಕೊಂಡು ಕೂತಿರ್ತಿದ್ದ. ಅಂವಗ ನಾ ಏನೋ ಮಾತು ಕೊಟ್ಟಿದ್ದೆ ಮಾರ್ತಾಂಡರಾವ್. ಏನಂತ ನೆನಪಾಗವಲ್ದು."

ದನದ ಕೇಂದ್ರದ ಹಿಂದೆ ಮನೆ ಸಿಕ್ಕಿತು. ಅಂಗಳ ಸಾರಿಸಿತ್ತು. ಗೋಡೆಯ ಬುಡದಲ್ಲಿ ಕೈಯಗಲದ ಮೆಂತೆಯ ಮಡಿ, ಅದರ ಒಂದು ಮೂಲೆಯ ಸೊಪ್ಪು ಕಪ್ಪಾಗಿ ನೆಲಕ್ಕೆ ಮಲಗಿತ್ತು. ಇಬ್ಬನಿ ಹೊಡೆದಿರಬೇಕು ಎಂದು ಮಾರ್ತಾಂಡ ಅತ್ತ ಒಂದು ಗಳಿಗೆ ನೋಡಿದ. ಮತ್ತೊಂದು ಗಳಿಗೆಯೂ ನೋಡಿದ.

ಧರ್ಮಣ್ಣ ಒಳಗಿನಿಂದ ಬಂದ. ಓಡಿಹೋಗಲಿಲ್ಲ, ಬೆದರಲೂ ಇಲ್ಲ. ಹೆಗಲ ಮೇಲಿನ ವಸ್ತ್ರದಿಂದ ಕಟ್ಟೆ ಒರೆಸಿ, "ಕೂಡ್ರಿ ಬಾಯಾರ," ಎಂದ. "ನೀವು ಬರ್ತೀರಿ ಅಂತ ಗೊತ್ತಿತ್ತು. ಇಷ್ಟ ತಡ ಆಗ್ತದ ಅಂತ ಗೊತ್ತಿರಲಿಲ್ಲ."

"ನನ್ನ ಕ್ಯಾನು ನಿನ್ನ ಹತ್ರ ಅದ ಏನು?"

"ಅದ."

"ಕಳವು ಮಾಡಿದ್ಯಾ?"

"ಕಳವು ಯಾಕ ಮಾಡ್ಲಿ? ಕಟ್ಟಿ ಹಾಕ್ಕೊಂಡೀನಿ."

ಇಂದೂ ಮಾರ್ತಾಂಡನ ಮುಖ ನೋಡಿದಳು. ಮಾರ್ತಾಂಡ ತಲೆ ತಗ್ಗಿಸಿದ್ದ. ಅಥಣಿ ಸೀಮೆಯ ಅವನ ಹಳ್ಳಿಯಲ್ಲಿ ಚಿಕ್ಕಂದಿನಲ್ಲಿ ನೋಡಿದ್ದ. ಕೊಟ್ಟ ಮಾತಿಗೆ ಒಬ್ಬ ತಪ್ಪಿ, ಕರೆದರೂ ಎದುರಿಗೆ ಬರದಿದ್ದರೆ, ಅವನ ಎತ್ತನ್ನು ಹೊಡೆದುಕೊಂಡು ಬಂದು ತಮ್ಮ ಅಂಗಳದಲ್ಲಿ ಕಟ್ಟುವುದು. ಆಗ ಅವನು ಬಂದೇ ಬರಬೇಕು. ಬರುವ ತನಕ ಕಟ್ಟಿಕೊಂಡವನೇ ಅದಕ್ಕೆ ಮೇವು ನೀರು ನೋಡಬೇಕು. ತನ್ನ ಎತ್ತಿಗೆ ಕಡಿಮೆಯಾದರೂ ಅದಕ್ಕೆ ಕಡಿಮೆ ಮಾಡುವ ಹಾಗಿಲ್ಲ.

"ನಾನೇನು ತಪ್ಪಿದೆ ನಿನಗ?" ಎಂದಳು ಇಂದೂ.

"ಶರಣಿ ಹೋದ ದಿನಾ ನೀವ ಅಂದಿದ್ರಿ. ನಿನ್ನ ಹೇಣ್ತಿದು ನಾ ಒಯ್ತೀನಿ ಧರ್ಮಣ್ಣ, ನಾಳಿ ನಿನ್ನ ಮಗಳಿಗೆ ಏನರ ಆದ್ರ ಮೊದಲ ನನ್ನ ಬಾಗಲಕ್ಕ ಬಾ, ಇಲ್ಲಾ ಅನ್ನಂಗಿಲ್ಲ ಅಂತ." ಅವನು ಒಳಗೆ ಕೈ ತೋರಿಸಿದ. "ಮಾಯಾಗ ದೀಪಾವಳಿ ಮುಂದ ಕಂಕಳಾಗ ಗಂಟು ಕಾಣಿಸ್ಕೊಂತು. ಅವ್ವಗ ಎಲ್ಲಿ ಬಂದಿತ್ತೋ ಅಲ್ಲೇ. ನಿಮ್ಮ ಗೇಟಿಗೆ ಬಂದೆ, ವಾಚ್‌ಮನ್ ಬಿಡಲಿಲ್ಲ. ಮತ್ತ ಬಂದೆ, ಫಾರಿನ್ನಿಗೆ ಹೋಗ್ಯಾರ ಅಂದ್ರು. ಡ್ರಮ್ಮು ದಬ್ಬಾಕ ಹತ್ತಿದ್ದ ನಿಮ್ಮ ಸಲುವಾಗಿ. ಒಳಗ ಬಂದ್ರೂ ನೀವು ಸಿಗಲಿಲ್ಲ. ನಿಮ್ಮ ಎತ್ತು ಸಿಕ್ಕಿತು."

"ಯಾವುದಾದರೂ ದವಾಖಾನಿಗೆ ತೋರಿಸಬೇಕಿಲ್ಲೇನೋ?"

"ತೋರಿಸಿದ್ದೆ. ಗುಳಿಗಿ ಕೊಟ್ಟು ಕಳಿಸಿದ್ರು. ಶರಣಿಗೂ ಮೊದಲ ಗುಳಿಗಿನ ಕೊಟ್ಟಿದ್ರು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಯಾರೋ ಕೇಳಿಸಿಕೊಳ್ಳುತ್ತಿದ್ದರು.

ಮಾರ್ತಾಂಡ ಮೆಲ್ಲಗೆ, "ಕ್ಯಾನು ತೋರಿಸು ಧರ್ಮಣ್ಣ," ಎಂದ.

ಮನೆಯೊಳಗೆ, ದೇವರ ಗೂಡಿನ ಕೆಳಗೆ, ಗೋಣಿಚೀಲ ಹೊದಿಸಿ ಇಟ್ಟಿದ್ದ. ಚೀಲ ಸರಿಸಿದಾಗ ಕೊರಳಲ್ಲಿ ಸಂಸ್ಥೆಯ ಕುಂಕುಮ ಹಾಗೇ ಇತ್ತು. ಇಂದೂ ಅದರ ಮುಂದೆ ಮೊಣಕಾಲೂರಿದಳು. ಬಿರಡೆ ಎತ್ತಿದಳು.

ಹೊಗೆ ಬರಲಿಲ್ಲ.

ಅವಳು ಕೊರಳೊಳಗೆ ಬೆರಳು ಇಳಿಸಿದಳು. ಇಳಿಸಿ ಹಾಗೇ ಇದ್ದಳು. ದ್ರವವಿದ್ದರೆ ಅಷ್ಟು ಹೊತ್ತಿಗೆ ಬೆರಳು ಸುಟ್ಟು ಬೊಬ್ಬೆಯಾಗಬೇಕಿತ್ತು. ಒಳಗಿನ ಕಡ್ಡಿಯನ್ನು ಎಳೆದಳು. ಶೀಷೆಗಳು ಇದ್ದವು. ಮುಟ್ಟಿದರೆ ಬೆಳಗಿನ ಚಳಿಯಷ್ಟೇ ತಂಪು. ಒಳಗಿನ ಗಟ್ಟಿ ಬಿಳುಪು ಕರಗಿ ನೀರಾಗಿತ್ತು.

"ಸತ್ತಾವ," ಎಂದಳು.

ಧರ್ಮಣ್ಣ ನಂಬಲಿಲ್ಲ. "ಆಗಂಗಿಲ್ಲ ಬಾಯಾರ. ಐತವಾರ ನಾನ ಕಂಠಮಟ ಕುಡಿಸೀನಿ. ವಾರದ ಮ್ಯಾಲ ಹೋಗ್ತದ ಅದು." ತಾನೇ ಬಗ್ಗಿ ನೋಡಿದ. ಆಮೇಲೆ ಅಲ್ಲೇ ಕೂತ.

ಅವನು ಗೋಣಿಚೀಲ ಮಡಚಿ ಬದಿಗಿಟ್ಟ. "ನನ್ನ ಕಟ್ಟಿನ್ಯಾಗ ಸತ್ತದ. ಎತ್ತಿಗೆ ಎತ್ತು ನಾ ಕೊಡಬೇಕು. ಈಗ ಸಾಲಗಾರ ನಾ ಆದೆ. ಏನ ಕೊಡ್ಲಿ ಹೇಳ್ರಿ."

"ಕೊಡಾಕ ಬರೂದಲ್ಲೋ ಅದು. ಶರಣಮ್ಮ ಎಲ್ಲಿಂದ ಬರಬೇಕು ಈಗ?" ಇಂದೂ ಶೀಷೆಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದಳು. "ಶುಕ್ರವಾರ ಅವರು ನನ್ನ ಕೇಳ್ತಾರ. ಶರಣಮ್ಮನ ರಕ್ತದಾಗ ಗಂಡಸಿನ ಕಣ ಹೆಂಗ ಬಂದ್ವು ಅಂತ. ನಾ ಏನ ಹೇಳ್ಲಿ?"

"ಗಂಡಸಿಂದು?"

"ಹೌದೋ. ಅಕಿವು ಅಲ್ಲಂತ, ಯಾವುದೋ ಗಂಡಸಿನವಂತ."

ಧರ್ಮಣ್ಣ ತಲೆಯೆತ್ತಿದ. "ಯಾವುದೋ ಯಾಕ ಇದ್ದೀತ್ರಿ? ಆಪರೇಶನ್ನಿನ ಮುಂಚೆ ಅಕಿಗೆ ರಕ್ತಾ ಕಡಿಮಿ ಅಂದ್ರು. ನಂದ ಕೂಡ್ತದ ಅಂತ ಹೇಳಿ ನಂದ ತಗೊಂಡು, ಬಿಸಿ ಬಿಸಿ ಇದ್ದಂಗ ಅಕಿಗೆ ಏರಿಸಿದ್ರು. ಮರದಿನ ನೀವು ಬಂದು ಅಕಿ ತೋಳಿಂದ ತಕ್ಕೊಂಡ್ರಿ."

ಇಂದೂ ಶೀಷೆಯನ್ನು ನೆಲಕ್ಕಿಟ್ಟಳು. ಮಾರ್ತಾಂಡನಿಗೆ ಅವಳ ಉಸಿರು ಕೇಳುತ್ತಿತ್ತು.

"ಹಂಗಂದ್ರೇನು ಬಾಯಾರ?" ಎಂದು ಅವನು ಕೇಳಿದ.

"ಹಂಗಂದ್ರ ನಾ ಸುಳ್ಳೂ ಹೇಳಿಲ್ಲ, ಗಲೀಜೂ ಮಾಡಿಲ್ಲ." ಅವಳ ದನಿ ಯಾರದೋ ಸುದ್ದಿ ಹೇಳಿದ ಹಾಗಿತ್ತು. "ಮತ್ತ ನಾ ಇಷ್ಟು ವರ್ಷ ಹೇಳಿದ್ದೂ ಖರೆ ಅಲ್ಲ. ಮನಿಮಗನ್ನ ಮನಿಯವರ ಗುರುತು ಹಿಡಿದ್ರು ಅಂದಿದ್ದೆ. ಮನಿಯವರು ಹಿಡೀಲಿಲ್ಲ. ಹೊರಗಿನವರು ಬಂದು ಹೊಡದ್ರು. ಇವನ ರಕ್ತದ ಕಣ ಅಕಿ ಮೈಯಾಗ ಹೊಕ್ಕು, ಅಕಿ ರೋಗದ ಜೋಡಿ ಜಗಳಾಡ್ಯಾವ. ರಕ್ತ ಏರಿಸ್ಯಾರೇನು ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ."

ಧರ್ಮಣ್ಣನಿಗೆ ಎಲ್ಲ ತಿಳಿಯಿತೋ ಇಲ್ಲವೋ. ತನ್ನ ರಕ್ತ ಶರಣಮ್ಮನೊಳಗೆ ಸುಮ್ಮನೆ ಕೂತಿರಲಿಲ್ಲ ಎಂಬಷ್ಟು ತಿಳಿಯಿತು. ಅವನು ಅಂಗಿಯ ತೋಳು ಮಡಚಿ, ಕೈಯನ್ನು ಅವಳ ಮುಂದೆ ಚಾಚಿದ.

"ಎತ್ತು ಇಲ್ಲೇ ಅದಲ್ಲ," ಎಂದ. "ತಕ್ಕೊಳ್ರಿ. ಶುಕ್ರವಾರ ತೋರಿಸ್ರಿ ಅವರಿಗೆ."

ಇಂದೂ ಆ ತೋಳನ್ನು ನೋಡಿದಳು. ಅದನ್ನು ತೆಗೆದುಕೊಂಡರೆ ಅವಳ ಮಾನ ಉಳಿಯುತ್ತಿತ್ತು, ಅವಳ ಆಯುಷ್ಯದ ಕೆಲಸ ಉಳಿಯುತ್ತಿರಲಿಲ್ಲ.

ಮಾರ್ತಾಂಡ ಅಷ್ಟರಲ್ಲಿ ಬಾಗಿಲಿಗೆ ಹೋಗಿ ಅಂಗಳ ನೋಡುತ್ತ ನಿಂತಿದ್ದ. ಮೆಂತೆಯ ಮಡಿ. ಇಬ್ಬನಿ ಹೊಡೆದಿದ್ದರೆ ಇಡೀ ಮಡಿಗೆ ಹೊಡೆಯಬೇಕು, ಪಕ್ಕದವರ ಮಡಿಗೂ ಹೊಡೆಯಬೇಕು. ಇದು ಒಂದೇ ಮೂಲೆಗೆ, ಯಾರೋ ನಿಂತು ಹೊಯ್ದ ಹಾಗೆ, ದುಂಡಗೆ ಕಪ್ಪಾಗಿತ್ತು.

"ಧರ್ಮಣ್ಣ, ಐತವಾರದ ಮ್ಯಾಲ ಈ ಮನಿಗೆ ಯಾರು ಬಂದಿದ್ರು?"

"ಯಾರೂ ಇಲ್ಲ ಸಾಹೇಬ್ರ. ನಿನ್ನಿ ಸಂಜಿಮುಂದ ಇವರ ಮನಿಯವರು ಅಷ್ಟ."

"ಯಾರ ಮನಿಯವರು?"

"ಬಾಯಾರ ಯಜಮಾನ್ರು. ಬೆತ್ತ ಊರ್ಕೊಂಡು ಬಂದ್ರಲ್ಲ. ಬಾಯಾರು ನಾಳಿ ಬರ್ತಾರ, ಕ್ಯಾನು ಛಂದ ಅದ ಏನು ನೋಡಿ ಬಾ ಅಂದಾರ ಅಂದ್ರು. ಮಾಯಾ ದವಾಖಾನಿ ದನಕ್ಕ ನೀರು ಕುಡಸಾಕ ಹೋಗಿದ್ಲು. ದೊಡ್ಡವರು ಬಂದಾರಂತ ನಾ ಚಹಾಕ್ಕ ಹಾಲು ತರಾಕ ಹ್ವಾದೆ." ಅವನು ಇಬ್ಬರ ಮುಖವನ್ನೂ ನೋಡಿದ. "ನೀವ ಕಳಿಸಿದ್ರಲ್ಲಾ ಬಾಯಾರ?"

"ಪರೀಕ್ಷಾದಾಗ ಇವೂ ಗಂಡಸಿನವ ಅಂತ ಬಂದ್ರ ನನ್ನ ಮಾನ ಹೋಗ್ತದಂತ ಅಂಜಿ, ಅವರ ಹೊಯ್ದು ಹೋಗ್ಯಾರ," ಎಂದಳು ಇಂದೂ. ನಿನ್ನೆ ಮಧ್ಯಾಹ್ನ ಫೋನಿನಲ್ಲಿ ಈ ಮನೆಯ ಗುರುತನ್ನು ಒಪ್ಪವಾಗಿ ಹೇಳಿದವನು ತಾನೇ ಎಂದು ಮಾರ್ತಾಂಡ ಹೇಳಲಿಲ್ಲ. ಹೇಳುವುದು ಬಾಕಿ ಉಳಿಯಿತು.

ಅದೇ ಹೊತ್ತಿಗೆ ಅವನ ಕಿಸೆಯ ಮೊಬೈಲು ಬಾರಿಸತೊಡಗಿತು. ತೆಗೆದು ನೋಡಿದ. ಮನೋಹರ.

"ಅವರ ಏನು?" ಎಂದಳು ಇಂದೂ.

"ಹೌದ್ರಿ."

ಅವಳು ಎದ್ದಳು. ಧರ್ಮಣ್ಣನ ಚಾಚಿದ ತೋಳಿನ ಅಂಗಿಯನ್ನು ತಾನೇ ಕೆಳಗಿಳಿಸಿದಳು. "ನಿನ್ನ ಸಾಲ ಆಮ್ಯಾಲ. ನಂದು ಮೊದಲು ಬಂದದ," ಎಂದಳು. ಒಳಕೋಣೆಯ ಪರದೆ ಸರಿಸಿ ಕರೆದಳು. "ಬಾರವಾ ಮಾಯಾ. ಅಂಜಬ್ಯಾಡ. ಬೆಳಕಿಗೆ ಬಾ."

ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹುಡುಗಿ ಬಂದು ಕಿಟಕಿಯ ಹತ್ತಿರ ಕೂತಳು. ಶರಣಮ್ಮನದೇ ಹಣೆ. ಗಂಡಸರಿಬ್ಬರೂ ಮುಖ ತಿರುಗಿಸಿ ಹೊಸ್ತಿಲಿನಾಚೆ ನಿಂತರು. ಮೊಬೈಲು ಬಾರಿಸುತ್ತಲೇ ಇತ್ತು. ನಿಂತಿತು. ಮತ್ತೆ ಶುರುವಾಯಿತು.

"ಎತ್ತಲೇನ್ರಿ?" ಎಂದ ಮಾರ್ತಾಂಡ, ತಿರುಗದೆ.

"ಬಾರಿಸ್ಲಿ ಬಿಡ್ರಿ."

ಇಂದೂ ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ರೋಗಿಗಳನ್ನು ಬಿಟ್ಟು ಬಂದ ಮೇಲೆ ಈ ಕೆಲಸ ಅವಳು ಮಾಡಿರಲಿಲ್ಲ, ಬೆರಳುಗಳು ಮರೆತಿರಲಿಲ್ಲ. ಅವು ಹುಡುಗಿಯ ಕಂಕುಳಲ್ಲಿ ನಿಧಾನವಾಗಿ, ಕತ್ತಲಲ್ಲಿ ಕಾಳು ಆರಿಸಿದ ಹಾಗೆ ನಡೆದವು. ಹಿಂದಕ್ಕೆ ಬಂದವು. ಮತ್ತೆ ನಡೆದವು.

"ನೋಯ್ತದ ಏನವಾ?"

"ಇಲ್ರಿ."

"ಇಲ್ಲಿ?"

"ಇಲ್ರಿ. ಒಟ್ಟ ನೋಯಂಗಿಲ್ಲ."

ನೋಯುತ್ತದೆ ಎಂದಿದ್ದರೆ ಒಳ್ಳೆಯದಿತ್ತು; ಕ್ಯಾನ್ಸರಿನ ಗಂಟು ಮೊದಮೊದಲು ನೋಯುವುದಿಲ್ಲ. ಇಂದೂಳ ಬೆರಳು ಒಂದು ಕಡೆ ನಿಂತಿತು, ಅಲ್ಲಿಂದ ಏಳಲಿಲ್ಲ.